ರಘುವಿನ ಡಬ್ಬಿ ಹಿಂದಿರುಗಿಸುವ ಕುರಿತು

೧. ವ್ಯಕ್ತಿ: ನನ್ನ ತಮ್ಮ ರಘು, ಸ್ಯಾನ್ ಡಿಯಾಗೋ ನಿವಾಸಿ, ನಲವತ್ತು ತುಂಬುವ ಮೊದಲೇ ಹೃದಯಾಘಾತದಿಂದ ತೀರಿಕೊಂಡವನು.
೨. ವಸ್ತು: ಅವನ ಹೆಸರು ಕೊರೆದ ಸ್ಟೀಲ್ ಡಬ್ಬಿ, ಸದ್ಯ ಸ್ಯಾಂಟಾ ಕ್ಲಾರಿಟಾದ ನಮ್ಮ ಅಡುಗೆಮನೆಯಲ್ಲಿದೆ.

ಇಂದು ಹಿತ್ತಿಲಲ್ಲಿ ನಿಂಬೆಹಣ್ಣು ಕೊಯ್ಯುವಾಗ ಬಂದ ವಾಸನೆಯು ನನ್ನನ್ನು ತೊಂಬತ್ತರ ದಶಕಕ್ಕೆ ಒಯ್ದಿತೆಂದು ನಿವೇದಿಸುತ್ತೇನೆ. ಆಗ ಈ ಡಬ್ಬಿ ನಮ್ಮಿಬ್ಬರ ಮನೆಗಳ ನಡುವೆ ಓಡಾಡುತ್ತಿತ್ತು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ನಾವು ಪುಳಿಯೋಗರೆ ಗೊಜ್ಜು ತುಂಬಿ ಕಳಿಸಿದರೆ, ರಘು ತನ್ನ ಮರದ ನಿಂಬೆಹಣ್ಣಿಗೆ ಪೆನ್ನಿನಿಂದ ಮೀಸೆ ಬರೆದು, ಒಳಗಿಟ್ಟು ತಂದು, ಎಲ್ಲದಕ್ಕೂ ಅರ್ಜಿ ಬರೆಯುವ ನನ್ನನ್ನು ಛೇಡಿಸುತ್ತಿದ್ದ.

“ಅಣ್ಣಾ, ನೋಡು, ನಿನ್ನ ಹಾಗೇ ಹುಳಿ ಮುಖ. ಇವನ ಮೇಲೂ ಒಂದು ಅರ್ಜಿ ಬರಿ!”

ಈ ಸಲ ಏನಿರುವುದೋ ಎಂಬ ಕುತೂಹಲದಿಂದ ಮುಚ್ಚಳವನ್ನು ಮೊದಲು ತೆಗೆಯುತ್ತಿದ್ದವನು ನಾನೇ. ಕೊನೆಯ ಸಲ ಡಬ್ಬಿ ನಮ್ಮಲ್ಲೇ ಉಳಿಯಿತು.

ರಘು ತೀರಿಕೊಂಡಾಗ ಎರಡು ವರ್ಷದವಳಾಗಿದ್ದ ಅವನ ಮಗಳು ಅನನ್ಯಾ ಮೊನ್ನೆ ಫೋನಿನಲ್ಲಿ ಕೇಳಿದಳು: “ದೊಡ್ಡಪ್ಪ, ಅಪ್ಪ ರಿಯಲಿ ಫನ್ನೀನಾ? ನಂಗೇನೂ ನೆನಪಿಲ್ಲ.”

ಉತ್ತರವಾಗಿ ನಾಲ್ಕು ಪುಟ ಬರೆದೆ. ಯಾವುದರಲ್ಲೂ ಅವನು ನಗಲಿಲ್ಲ. ಆದ್ದರಿಂದ ಮಗುವೇ, ಡಬ್ಬಿಯನ್ನೇ ಕಳಿಸುತ್ತಿದ್ದೇನೆ. ಮುಚ್ಚಳವನ್ನು ನೀನೇ ತೆಗೆ.

ಇಂತು,
ನಿನ್ನ ದೊಡ್ಡಪ್ಪ ಶ್ರೀನಿವಾಸ

ಲಗತ್ತು: ಸ್ಟೀಲ್ ಡಬ್ಬಿ – ಒಂದು, ಅದರೊಳಗೆ ಮೀಸೆಯುಳ್ಳ ನಿಂಬೆಹಣ್ಣು – ಒಂದು.