ಆರಬಾರದ ಮುಖ

ಇರಕಲ್ಲಗಡದ ಫೋಟೋ ಸ್ಟುಡಿಯೋದವರು ತೀರಿಕೊಂಡವರ ಚಿತ್ರ ತಿದ್ದುವಾಗ ಲ್ಯಾಪ್‌ಟಾಪಿನ ಮೇಲೆ ಪದೇ ಪದೇ ಬೆರಳಾಡಿಸುತ್ತಿದ್ದರು. ಸುಮ್ಮನಿದ್ದರೆ ಪರದೆ ಮಂಕಾಗುತ್ತಿತ್ತು. "ಮಕ ಆರಬಾರದ್ರಿ," ಎನ್ನುವರು, ದೀಪದ ಬಗ್ಗೆ ಮಾತಾಡಿದ ಹಾಗೆ.

ಒಂದು ಮಧ್ಯಾಹ್ನ ನಾನು ಫೋಟೋ ತೆಗೆಸಲು ಹೋಗಿದ್ದಾಗ ಹುಲಿಹೈದರದಿಂದ ಒಬ್ಬ ಹೆಣ್ಣುಮಗಳು ಬಂದಳು. ಅವಳು ತವರು ಮುಟ್ಟುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿದ್ದರು. ಅವ್ವನ ಮುಖ ನೋಡಲು ಉಳಿದದ್ದು, ತಿದ್ದಲು ಅವಳ ಚಿತ್ರ ತೆರೆದಿಟ್ಟಿದ್ದ ಆ ಪರದೆಯೊಂದೇ.

"ಕುಂದ್ರಬೇ ಯಕ್ಕಾ, ಕಣ್ತುಂಬ ನೋಡು," ಎಂದ ಸ್ಟುಡಿಯೋದವರು ನನ್ನತ್ತ ತಿರುಗಿದರು. "ಕಲ್ತವ್ರದೀರಿ, ಇದು ಆರದಂಗ ಮಾಡ್ರಿ ಸರ."

ಕರೆಂಟಿಗೆ ಹಚ್ಚಿದ್ದಾಗ ಎಂದೂ ಮಂಕಾಗದಂತೆ ಪವರ್ ಸೆಟ್ಟಿಂಗ್ ಬದಲಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಯಾರೂ ಏನನ್ನೂ ಮುಟ್ಟಲಿಲ್ಲ, ಪರದೆ ಬೆಳಗುತ್ತಲೇ ಇತ್ತು. ಕೊನೆಗೆ, "ಸಾಕವ್ವಾ, ನೋಡಿದ್ನಿ. ನೀ ಇನ್ನ ಹೋಗು," ಎಂದಳು.

ಪರದೆ ಮೆಲ್ಲಗೆ ಮಂಕಾಯಿತು.

ಕರೆಂಟು ಹೋಗಿರಬೇಕು, ಬ್ಯಾಟರಿಯ ಸೆಟ್ಟಿಂಗನ್ನು ನಾನು ಬದಲಿಸಿರಲಿಲ್ಲ. ಈಗಲೂ ಹಾಗೆಂದೇ ಹೇಳಿಕೊಳ್ಳುತ್ತೇನೆ. ಆದರೆ ನನ್ನ ನೆನಪಿನಲ್ಲಿ, ಪರದೆ ಮಂಕಾದ ಆ ಗಳಿಗೆಯಲ್ಲೂ ಅವಳ ಸೆರಗು ಫ್ಯಾನಿನ ಗಾಳಿಗೆ ಹಾರುತ್ತಲೇ ಇದೆ. ಸ್ಟುಡಿಯೋದವರು ರೂಢಿಯಂತೆ ಬೆರಳು ಚಾಚಿದರು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.