ಶಬ್ದ ಉಂಟಾ?

ಭಾವನ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಯಾವಾಗಲೂ ಎರಡು ಬಣ್ಣ. ಕಪ್ಪು ಎಂಜಿನ್ ಆಯಿಲಿನದ್ದು, ಬಿಳಿ ವೀಳ್ಯದ ಸುಣ್ಣದ್ದು. ಎಷ್ಟು ಸಾಬೂನು ಹಚ್ಚಿದರೂ ಎರಡರಲ್ಲಿ ಒಂದು ಉಳಿಯುತ್ತಿತ್ತು. ಅದೇ ಕೈಯಲ್ಲಿ ಅವರು ಉಣ್ಣುವಾಗ ನನ್ನ ಅಕ್ಕ ಮುಖ ತಿರುಗಿಸುತ್ತಿದ್ದಳು.

ಸವಣೂರಿನ ಅವರ ಮನೆಯಲ್ಲೇ ನಾನೂ ಇದ್ದೆ. ಶೆಡ್ಡಿನಲ್ಲಿ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಯಾರೋ ಗುಜರಿಗೆ ಹಾಕಲಿದ್ದದ್ದನ್ನು ಭಾವ ಕೊಂಡು ತಂದದ್ದು. ನಮ್ಮ ರಸ್ತೆಯ ಪ್ರತಿ ಉಬ್ಬಿಗೂ ಅದರ ಹೊಟ್ಟೆ ತಾಗುತ್ತಿತ್ತು. ಆದರೂ ಅದರಲ್ಲಿ ಗುಂಡ್ಯದವರೆಗೆ ಹೋಗಿ ಚಾ ಕುಡಿದು ಬರುವುದೆಂದರೆ ಅವರಿಗೆ ಪರಮ ಸುಖ. ಎಂಜಿನ್ ಟಕ ಟಕ ಅನ್ನತೊಡಗಿದ ಮೇಲೆ ಆ ಸುಖ ನಿಂತಿತು. ಒಳಗೆ, ಬಳೆಯ ಅರ್ಧ ತುಂಡುಗಳ ಹಾಗೆ ಜೋಡಿಯಾಗಿ ಕೂರುವ ಬೇರಿಂಗ್ ಸವೆದಿತ್ತು. ಹಾಗೇ ಓಡಿಸಿದರೆ ಎಂಜಿನ್ನೇ ಹೋದೀತು. “ಮನೆಯಲ್ಲೇ ಹಾಕುವ” ಎಂದರು ಭಾವ.

ಕಷ್ಟವೆಂದರೆ ಅವರಿಗೆ ಕಿವಿ ಮಂದ. ಟಕ ಟಕ ಹೋಯಿತೋ ಇಲ್ಲವೋ ಎಂದು ಇನ್ನೊಬ್ಬರು ಕೇಳಿ ಹೇಳಬೇಕು. ಪುತ್ತೂರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು, ಇನ್ನೇನು ಕಾಲು ನೀಡಬೇಕು ಎನ್ನುವಾಗ ಶೆಡ್ಡಿನಿಂದ ನನಗೆ ಕರೆ. ಆ ಮಳೆಗಾಲದಲ್ಲಿ ಮೂವರೂ ಸುಸ್ತಾಗಿ ಹೋಗಿದ್ದೆವು.

ಅಂತೂ ಹೊಸ ಬೇರಿಂಗ್ ಹಾಕಿ ಕಾರು ಚಾಲೂ ಮಾಡಿದರು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಡು ಎಂದರು.

“ಶಬ್ದ ಉಂಟಾ?”

ಅಕ್ಕ ನನ್ನ ಬೆನ್ನ ಹಿಂದೆ ಪಿಸುಗುಟ್ಟಿದಳು. “ಇಲ್ಲ ಹೇಳು ಮಾರಾಯ್ತಿ. ಇವರು ಇನ್ನೊಮ್ಮೆ ಬಿಚ್ಚಿದ್ರೆ ನನ್ನಿಂದ ಆಗ್ಲಿಕ್ಕಿಲ್ಲ.”

ನನಗೂ ಸಾಕುಬೇಕಾಗಿತ್ತು. ಆದರೆ ಟಕ ಟಕ ಕಿವಿಯೊಳಗೇ ಬಡಿಯುತ್ತಿತ್ತು.

“ಉಂಟು ಭಾವ!” ಎಂದು ಕೂಗಿದೆ.

ಅವರು ನೆಲದ ಮೇಲೆ ಕುಳಿತುಬಿಟ್ಟರು. ಮರುದಿನ ಮತ್ತೆ ಬಿಚ್ಚಿದಾಗ ತಪ್ಪು ಸಿಕ್ಕಿತು. ಬೇರಿಂಗ್ ಹಿಡಿದಿಡುವ ಕ್ಯಾಪುಗಳು ಅದರದರ ಜಾಗದಲ್ಲೇ ಕೂರಬೇಕು. ಗುರುತಿಗೆಂದು ಭಾವ ಅವಕ್ಕೆ ತಮ್ಮ ವೀಳ್ಯದ ಡಬ್ಬಿಯ ಸುಣ್ಣ ಹಚ್ಚಿದ್ದರು. ಆಮೇಲೆ ಎಲ್ಲವನ್ನೂ ತಿಕ್ಕಿ ತೊಳೆದು, ಗುರುತು ಹೋದದ್ದನ್ನು ನೋಡಿ, ಅಂದಾಜಿನ ಮೇಲೆ ಕೂರಿಸಿದ್ದರು.

“ಸುಣ್ಣ ಹಚ್ಚಿದ್ದೂ ನಾನೇ, ಚಿಮಿಣಿ ಎಣ್ಣೆಯಲ್ಲಿ ತೊಳೆದದ್ದೂ ನಾನೇ. ಯಾರಿಗೆ ಬೈಯುದು?” ಎಂದು ನಕ್ಕರು. ಇನ್ನೊಂದು ಸೆಟ್ಟು ತರಿಸಿ, ಈ ಸಲ ಉಳಿಯಿಂದ ಗೀರಿ ಗುರುತು ಮಾಡಿದರು. ಟಕ ಟಕ ನಿಂತಿತು.

ಗುಂಡ್ಯಕ್ಕೆ ಮೊದಲ ಸವಾರಿಯಲ್ಲಿ ನನ್ನನ್ನು ಕೂರಿಸಿಕೊಂಡರು. ಚಾ ಕುಡಿಯುತ್ತಾ ಹೇಳಿದರು: “ಬೇರೆಯವರು ನನ್ನ ಮುಖ ನೋಡಿ ಹೇಳುದು. ನೀನು ಕೇಳಿಸಿದ್ದನ್ನೇ ಹೇಳಿದಿ.”

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಎದೆಯ ಆಪರೇಷನ್ ಒಮ್ಮೆ ಆಗಿತ್ತು, ಇನ್ನೊಮ್ಮೆ ಮಾಡುವ ಮಾತು ನಡೆದಿತ್ತು. ಬಂದವರೆಲ್ಲ “ಎಂತ ಇಲ್ಲ, ಗುಣ ಆಗ್ತದೆ” ಎಂದು ಹೇಳಿ ಹೋಗುತ್ತಿದ್ದರು. ಒಂದು ಸಂಜೆ ಭಾವ ನನ್ನನ್ನು ಹತ್ತಿರ ಕರೆದು, ಎದೆಗೆ ಕಿವಿ ಇಡುವಂತೆ ಸನ್ನೆ ಮಾಡಿದರು. ಒಳಗೆ ಗೊರ ಗೊರ.

“ಶಬ್ದ ಉಂಟಾ?”

ಈ ಸಲ ಅಕ್ಕ ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು.

“ಉಂಟು ಭಾವ” ಎಂದು ಅವರ ಕಿವಿಯ ಹತ್ತಿರ ಹೇಳಿದೆ.

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. “ಹಾಗಾದ್ರೆ ಇನ್ನೊಮ್ಮೆ ಬಿಚ್ಚುದು ಬೇಡ. ಸಾಕು.”

ಆ ವಾರವೇ ಹೋದರು. ಮೀಯಿಸಿ ಮಲಗಿಸಿದಾಗ ಆ ಉಗುರಿನಲ್ಲಿ ಕಪ್ಪೂ ಇರಲಿಲ್ಲ, ಬಿಳಿಯೂ ಇರಲಿಲ್ಲ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅಕ್ಕ ಅತ್ತದ್ದು ಅದನ್ನು ನೋಡಿ.