ಸಿಂಗಪುರದ ಕಳಲೆ

ಸಿಂಗಪುರದ ಮಾರುಕಟ್ಟೆಗೆ ಮೊದಲ ದಿನ ಕಾಲಿಟ್ಟಾಗ ನನ್ನೆದುರು ಒಂದು ಬುಟ್ಟಿ ತುಂಬ ಜೀವಂತ ಕಪ್ಪೆಗಳಿದ್ದವು. ಮಾರುತ್ತಿದ್ದ ಚೀನೀ ಹೆಂಗಸು ತೂಗಿ ಕೊಡಲೇ ಎಂದು ಕೈಸನ್ನೆಯಲ್ಲಿ ಕೇಳಿದಳು. ನಮ್ಮೂರು ಜಡೆಯ ಗದ್ದೆಗಳಲ್ಲಿ ಮಳೆಗಾಲವಿಡೀ ವಟಗುಟ್ಟುವ ಪ್ರಾಣಿಯನ್ನು ತಕ್ಕಡಿಯಲ್ಲಿಟ್ಟು ಮಾರುತ್ತಾರೆಂದು ಯಾರೂ ನನಗೆ ಹೇಳಿರಲಿಲ್ಲ. ಓಡಿಬಂದೆ. ಓಡಿಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂದು ಮರುದಿನ ಮತ್ತೆ ಹೋದೆ.

ಮಾರುಕಟ್ಟೆಗೆ ಇಲ್ಲಿನ ಮಲಯ ಭಾಷೆಯಲ್ಲಿ ಪಸಾರ್ ಎನ್ನುತ್ತಾರೆ. ಆನವಟ್ಟಿಯ ಸಂತೆ ವಾರಕ್ಕೊಮ್ಮೆ, ಇದು ದಿನವೂ. ಅಲ್ಲಿ ಕಣ್ಣು ಮುಚ್ಚಿಕೊಂಡು ಸೊಪ್ಪು ಆರಿಸುತ್ತಿದ್ದವಳು ಇಲ್ಲಿ ಒಂದು ಎಲೆಯ ಹೆಸರೂ ತಿಳಿಯದೆ ನಿಂತೆ. ಬಿಳಿ ಗಟ್ಟಿಯೊಂದನ್ನು ಗಿಣ್ಣು ಎಂದುಕೊಂಡು ತಂದು ಬೆಲ್ಲ ಹಾಕಿ ಬಡಿಸಿದೆ. ಅದು ತಾಹು, ಯಾವುದೋ ಕಾಳಿನ ಹಾಲು ಒಡೆಸಿ ಮಾಡಿದ್ದು. ಶಿಕಾರಿಪುರದವರಾದ ನನ್ನ ಯಜಮಾನರು ತಟ್ಟೆ ಖಾಲಿ ಮಾಡಿ ಕಚೇರಿಗೆ ಹೋದರು.

ಮೂರನೆಯ ವಾರ ಬಾಳೆಗೊನೆಗಳ ಪಕ್ಕದಲ್ಲಿ ಕಳಲೆ ಕಂಡಿತು. ಬಿದಿರಿನ ಎಳೆ ಮೊಳಕೆ, ಸಿಪ್ಪೆ ಸಮೇತ. ಇಲ್ಲಿ ಅದರ ಹೆಸರು ರೆಬುಂಗ್. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ನಾವಿರುವುದು ಮಹಡಿಯ ಒಂದು ಕೋಣೆ. ಅಡುಗೆಮನೆ ಮಾತ್ರ ಮನೆಯೊಡತಿ ಸಾವಿತ್ರಮ್ಮನವರದು. ನಾವು ಅದರಲ್ಲಿ ಪಾಲುಗಾರರು. ಮೈಸೂರಿನಿಂದ ಬಂದು ಇಪ್ಪತ್ತು ವರ್ಷವಾದ ಆಕೆ, ನನ್ನ ಚೀಲ ನೋಡಿದ್ದೇ ಬಾಗಿಲಿಗೆ ಅಡ್ಡ ನಿಂತರು.

"ಚೀನಾದೋರು ತಿನ್ನೋದೆಲ್ಲ ನನ್ನ ಅಡುಗೆಮನೆಗೆ ಬರಕೂಡದಮ್ಮ."

"ಚೀನಾದ್ದಲ್ಲ ರೀ. ನಮ್ಮ ಜಡೆ ಹಿತ್ಲಲ್ಲೂ ಏಳ್ತೈತೆ. ನಾನು ತಿಂದು ಬೆಳೆದಿದ್ದೇ ಇದನ್ನ," ಎಂದೆ.

ಅವರು ಸರಿಯಲಿಲ್ಲ, ನಾನೂ ಬಿಸಾಡಲಿಲ್ಲ. ಹಿಂದಿನ ಮೆಟ್ಟಿಲ ಮೇಲೆ ಸೀಮೆಎಣ್ಣೆ ಸ್ಟೌ ಇಟ್ಟೆ. ಕಳಲೆಯನ್ನು ಹೆಚ್ಚಿ ಮೂರು ದಿನ ನೆನೆಸಬೇಕು, ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ಕಹಿ, ನಂಜು ಎಂದು ಅವ್ವ ಕಲಿಸಿದ್ದಳು. ಹಾಗೇ ಮಾಡಿದೆ. ಇಲ್ಲಿನ ಸೆಕೆಗೆ ಎರಡನೆಯ ದಿನವೇ ಅದು ನಾರತೊಡಗಿತು. ಕೆಳಮನೆಯ ಮಲಯ ಹೆಂಗಸು ಫಾತಿಮಾ ಮೂಗು ಮುಚ್ಚಿಕೊಂಡೇ ಹತ್ತಿಬಂದಳು. ತಾನೇ ಹೊಸ ಕಳಲೆ ತಂದು ಒಂದು ಗಂಟೆ ಕುದಿಸಿ ಆ ನೀರನ್ನು ಚೆಲ್ಲಿ ತೋರಿಸಿದಳು. ಕಹಿಯೇ ಇರಲಿಲ್ಲ. ಅದಕ್ಕೆ ನಾನು ಕಾಯಿ, ಸಾಸಿವೆ, ಒಣಮೆಣಸಿನಕಾಯಿ ರುಬ್ಬಿ ಹಾಕಿ ಪಲ್ಯ ಮಾಡಿದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದೆವು.

ನೆನೆಸದೆ ಮಾಡುವ ಉಪಾಯ ಸಿಕ್ಕಿತೆಂದೂ ಊರಿಗೆ ಬಂದಾಗ ಮಾಡಿ ಬಡಿಸುತ್ತೇನೆಂದೂ ಹಿಗ್ಗಿನಿಂದ ಅವ್ವನಿಗೆ ಬರೆದೆ. ಅಣ್ಣನ ಕೈಲಿ ಬರೆಸಿದ ಉತ್ತರ ತಿಂಗಳಾದ ಮೇಲೆ ಬಂತು.

"ಮೂರು ದಿನ ನೆನೀದೇ ಇರೋ ಕಳಲೆ ನಮ್ಮನೆ ಒಲೆ ಮೇಲೆ ಬರೋದು ಬ್ಯಾಡ. ಅಲ್ಲೇ ಮಾಡ್ಕಂಡು ತಿನ್ನು."

ಓದಿ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಪಸಾರಿಗೆ ಹೋಗಿ ಕಳಲೆಯನ್ನೇ ತಂದೆ. ಸಾವಿತ್ರಮ್ಮನವರಿಗೆ ಅದು ಚೀನಾದ್ದು, ಅವ್ವನಿಗೆ ಸಿಂಗಪುರದ್ದು. ಇಬ್ಬರ ಒಲೆಗೂ ಬೇಡವಾದದ್ದು ನನಗೆ ಬೇಕು. ಊರಿಗೆ ಬರುವಾಗ ಈ ಸ್ಟೌವನ್ನೂ ಹಡಗಿನಲ್ಲಿ ಹೊತ್ತು ತರುತ್ತೇನೆ. ಅವ್ವನ ಒಲೆಯನ್ನು ಮುಟ್ಟುವುದಿಲ್ಲ. ಅವಳ ಜಗಲಿಯ ಮೇಲೇ ಇಟ್ಟು ಹಚ್ಚುತ್ತೇನೆ.